ಏಳೇ ಪಾತ್ರಗಳ ಸಂಸಾರ

ನಮ್ಮ ಭಾವನವರ ಪ್ರಕಾರ ಈ ಪ್ರಪಂಚದಲ್ಲಿರುವುದು ಏಳೇ ಏಳು ಜನ. ಮಿಕ್ಕವರೆಲ್ಲ ಆ ಏಳರ ನಕಲು! ಹಬ್ಬದ ಹಿಂದಿನ ಸಂಜೆ ಗಾಂಧಿಬಜಾರಿನಲ್ಲಿ ಹೂವಿಗೆ ಮುಗಿಬಿದ್ದ ಜನರನ್ನು ತೋರಿಸಿದರೂ ಅವರು ಕನ್ನಡಕ ಸರಿಮಾಡಿಕೊಂಡು ‘ಏಳೇ’ ಅನ್ನುತ್ತಿದ್ದರು.

ಭಾವ ಎಂದರೆ ನನ್ನ ಯಜಮಾನರ ಅಣ್ಣ, ಕಾಲೇಜಿನಲ್ಲಿ ಇಂಗ್ಲಿಷ್ ಮೇಷ್ಟ್ರು. ಗವಿಪುರದ ನಮ್ಮ ಮನೆಯಲ್ಲಿ ಅತ್ತೆ, ನಾವಿಬ್ಬರು, ಭಾವ ಮತ್ತು ಅವರ ಮಗಳು ಪುಟ್ಟಿ. ನನ್ನ ಓರಗಿತ್ತಿ ತೀರಿಕೊಂಡಾಗ ಪುಟ್ಟಿಗೆ ಇನ್ನೂ ಮಾತು ಸರಿಯಾಗಿ ಬಂದಿರಲಿಲ್ಲ. ಅಂದಿನಿಂದ ಮಗುವಿನ ಊಟ, ಸ್ನಾನ, ಜ್ವರ ನನ್ನ ಪಾಲು. ಪುಸ್ತಕಗಳು ಭಾವನ ಪಾಲು. ಅಂಥದೊಂದು ಪುಸ್ತಕದಲ್ಲಿ ಯಾರೋ ಪರದೇಶದ ಪಂಡಿತ ಬರೆದಿದ್ದನಂತೆ: ಯಾವ ಅಜ್ಜಿಕಥೆಯನ್ನಾದರೂ ಬಿಚ್ಚಿ ನೋಡಿ, ಒಳಗೆ ಏಳೇ ಪಾತ್ರ. ನಾಯಕ, ಖಳ, ವರ ಕೊಡುವವನು, ಸಹಾಯಕ, ರಾಜಕುಮಾರಿ, ಕೆಲಸಕ್ಕೆ ಅಟ್ಟುವವನು, ನಾಯಕನ ಸೋಗು ಹಾಕಿದವನು. ವೇಷ ಬದಲಾಗುತ್ತದೆ, ಜಾಗ ಬದಲಾಗುವುದಿಲ್ಲ. ಪಂಡಿತ ಪಾಪ, ಕಥೆಗಳ ಬಗ್ಗೆ ಹೇಳಿದ. ನಮ್ಮ ಭಾವ ಅದನ್ನು ನೇರವಾಗಿ ನಮ್ಮ ಅಡುಗೆಮನೆಗೆ ತಂದರು!

ಸಕ್ಕರೆ ಬಂದಿಲ್ಲವೆನ್ನುವ ರೇಷನ್ ಅಂಗಡಿಯವನು ಖಳ. ಬೆಳಗಾದರೆ ಒಬ್ಬರನ್ನು ಕೊತ್ತಂಬರಿಗೆ, ಇನ್ನೊಬ್ಬರನ್ನು ಹಿಟ್ಟಿನ ಗಿರಣಿಗೆ ಓಡಿಸುವ ಅತ್ತೆ ‘ಅಟ್ಟುವಾಕೆ’. ಒಂದು ದಿನ ದೋಸೆ ಬಡಿಸುತ್ತಾ, ನನ್ನದು ಯಾವ ಪಾತ್ರ ಎಂದು ಕೇಳಿದೆ. ಕೇಳಬಾರದಿತ್ತು. ‘ಸಹಾಯಕರು’ ಎಂದರು ಗಂಭೀರವಾಗಿ. ‘ಕಾರ್ಟೂನ್ ಸಿನಿಮಾಗಳಲ್ಲಿ ನೋಡಿಲ್ವೆ? ನಾಯಕಿಯ ಮನೆ ಗುಡಿಸಿ, ಬಟ್ಟೆ ಹೊಲಿದು ಕೊಡುತ್ತವಲ್ಲ, ಇಲಿ, ಗುಬ್ಬಚ್ಚಿ. ಆ ಸಾಲು.’

ಇಲಿ! ಎರಡನೇ ದೋಸೆಗೆ ನಾನು ತುಪ್ಪ ಹಾಕಲಿಲ್ಲ. ಅದನ್ನು ಅವರು ಗಮನಿಸಲೂ ಇಲ್ಲ. ನನಗೇನೂ ಹೊಸದಲ್ಲ ಬಿಡಿ; ಕಾನ್ವೆಂಟಿನ ಕ್ರಿಸ್‌ಮಸ್ ನಾಟಕದಲ್ಲೂ ಸಿಸ್ಟರುಗಳು ನನ್ನನ್ನು ಕುರಿಯ ವೇಷದಿಂದ ಮೇಲಕ್ಕೆ ಏರಿಸಿರಲಿಲ್ಲ. ಆದರೆ ಕುರಿಗೆ ಕೊನೆಯಲ್ಲಿ ಚಪ್ಪಾಳೆಯಾದರೂ ಬೀಳುತ್ತಿತ್ತು.

ದಂಡುಪ್ರದೇಶದ ಟಾಕೀಸಿನಲ್ಲಿ ಭಾನುವಾರ ಬೆಳಿಗ್ಗೆ ಇಂಗ್ಲಿಷ್ ಕಾರ್ಟೂನ್ ಸಿನಿಮಾ ಬಂದರೆ ಸಾಕು, ಭಾವ ನಮ್ಮನ್ನೆಲ್ಲ ಬಸ್ಸು ಹತ್ತಿಸುತ್ತಿದ್ದರು. ಮಗುವಿನ ಖುಷಿಗೆ ಎಂದುಕೊಂಡಿರಾ? ಪಾತ್ರಗಳ ಹಾಜರಿ ಕರೆಯುವುದಕ್ಕೆ! ಪರದೆಯ ಮೇಲೆ ಗಡ್ಡದ ಮುದುಕ ಕಾಲಿಡುವ ಮೊದಲೇ ‘ಈಗ ಬರ್ತಾನೆ ನೋಡಿ ವರ ಕೊಡೋನು’ ಎಂದು ಘೋಷಣೆ. ಮುದುಕ ಬಂದೇ ಬರುತ್ತಿದ್ದ. ಭಾವ ತಾವೇ ಕರೆಸಿದ ಹಾಗೆ ಬೀಗುತ್ತಿದ್ದರು. ಒಂದು ಸಲ ಮುಂದಿನ ಸಾಲಿನವರೊಬ್ಬರು ತಿರುಗಿ, ‘ಸ್ವಾಮೀ, ಎಲ್ಲಾ ನೀವೇ ಹೇಳ್ಬಿಟ್ರೆ ಅವರು ಪರದೆ ಯಾಕೆ ಕಟ್ಟಿದಾರೆ?’ ಎಂದರು. ಭಾವ ಆ ಮಹಾನುಭಾವರನ್ನು ತಕ್ಷಣ ಖಳರ ಪಟ್ಟಿಗೆ ಸೇರಿಸಿದರು.

ಇದೆಲ್ಲ ನಗುವ ವಿಷಯವಾಗಿದ್ದದ್ದು ನಮ್ಮವರಿಗೆ ಹುಬ್ಬಳ್ಳಿಗೆ ವರ್ಗವಾಗುವ ತನಕ. ಬೇಸಿಗೆ ರಜೆ ಶುರುವಾಗುವಷ್ಟರಲ್ಲಿ ನಾವು ಹೊರಡಬೇಕು. ಅತ್ತೆಗೆ ಮಂಡಿನೋವು, ಕೂತರೆ ಏಳುವುದಕ್ಕೆ ಗೋಡೆ ಬೇಕು. ಪುಟ್ಟಿಯನ್ನು ನೋಡಿಕೊಳ್ಳುವವರು ಯಾರು? ನಾನು ಕರೆದುಕೊಂಡು ಹೋಗುತ್ತೇನೆಂದರೆ ಭಾವ ಒಪ್ಪಲಿಲ್ಲ. ಮತ್ತೆ ಮದುವೆಯಾಗು ಎಂದು ಅತ್ತೆ ಹಟ ಹಿಡಿದರು. ಮಲ್ಲೇಶ್ವರಂನಿಂದ ಒಂದು ಸಂಬಂಧವೂ ಬಂತು. ಶಿಶುವಿಹಾರದ ಟೀಚರ್, ವಯಸ್ಸು ಮೂವತ್ತು ದಾಟಿತ್ತು, ಅಣ್ಣನ ಮನೆಯಲ್ಲಿದ್ದರು.

ಭಾವ ಏನೆಂದರು ಗೊತ್ತೆ? ಸಿದ್ಧಾಂತ ಒಪ್ಪುವುದಿಲ್ಲ ಎಂದರು! ತಾಯಿ ಸತ್ತ ಮನೆಗೆ ಬರುವ ಹೆಂಗಸು ಖಳನಾಯಕಿ. ಅವಳು ಸ್ವಭಾವತಃ ಎಷ್ಟೇ ಒಳ್ಳೆಯವಳಾಗಿರಲಿ, ಅದು ಅವಳ ತಪ್ಪಲ್ಲ, ಅವಳು ನಿಂತ ಜಾಗದ ತಪ್ಪು.

‘ಜಾಗದ ತಪ್ಪಂತೆ’ ಎಂದರು ಅತ್ತೆ, ಮಂಡಿಗೆ ಎಣ್ಣೆ ತಿಕ್ಕಿಕೊಳ್ಳುತ್ತಾ. ‘ಬಾವಿ ತೋಡೋಕ್ಕೆ ನೀರು ನೋಡೋನ ಹಾಗೆ ಮಾತಾಡ್ತಾನೆ. ಹೆಣ್ಣು ನೋಡೋ ಅಂದ್ರೆ ಬೊಂಬೆ ಸಿನಿಮಾ ನೋಡ್ತಾನೆ.’

ಆ ಮಾತು ಭಾವನಿಗೆ ಒಂದು ಹೊಸ ಯೋಚನೆ ಕೊಟ್ಟಿತು. ಹೆಣ್ಣು ನೋಡುವ ಶಾಸ್ತ್ರ ಟಾಕೀಸಿನಲ್ಲೇ ಆಗಲಿ! ಮಲತಾಯಿ ಇರುವ ಕಾರ್ಟೂನೇ ಮುಂದಿನ ಭಾನುವಾರ ಇದೆ. ಆಕೆ ಕಣ್ಣಾರೆ ನೋಡಿ, ತನಗೆ ಕಾದಿರುವ ಪಾತ್ರವನ್ನು ತಿಳಿದುಕೊಂಡು, ತಾನಾಗಿಯೇ ಬೇಡವೆನ್ನಲಿ. ಉಪ್ಪಿಟ್ಟಿಲ್ಲ, ಕೇಸರಿಬಾತಿಲ್ಲ, ಹಾಡು ಹೇಳಮ್ಮಾ ಇಲ್ಲ. ಇಂಥ ವಧುಪರೀಕ್ಷೆಯನ್ನು ಬೆಂಗಳೂರು ಕಂಡಿತ್ತೆ? ನಾನು ನಾಚಿಕೆಯಿಂದ ನೆಲಕ್ಕಿಳಿದುಹೋದೆ. ಆದರೂ ಟೀಚರ್ ತಮ್ಮ ಅಣ್ಣನ ಜೊತೆ ಬಂದರು.

ಗಂಜಿ ಹಾಕಿದ ಬಿಳಿ ವಾಯಿಲ್ ಸೀರೆ. ಕನ್ನಡಕದ ಮುರಿದ ಕಡ್ಡಿಗೆ ಸೀರೆಯ ಅಂಚಿನದೇ ನೀಲಿ ದಾರ ಸುತ್ತಿದ್ದರು, ಬೇಕೆಂದೇ ಹೊಂದಿಸಿದ ಹಾಗೆ. ಆ ದಾರ ನೋಡಿದ ಕ್ಷಣವೇ ನನಗೆ ಅವರು ಹಿಡಿಸಿಬಿಟ್ಟರು. ಭಾವನ ಪಕ್ಕ ಅವರು, ಅವರ ಪಕ್ಕ ನಾನು, ನನ್ನ ತೊಡೆಯ ಮೇಲೆ ಪುಟ್ಟಿ. ಭಾವನ ಆಚೆ ಕೂತ ಅಣ್ಣ, ದೀಪ ಆರಿದೊಡನೆ ನಿದ್ದೆಹೋದರು.

ಪರದೆಯ ಮೇಲೆ ಮಲತಾಯಿ ಬಂದಳು. ಎತ್ತಿದ ಹುಬ್ಬು, ಹಸಿರು ಕಣ್ಣು. ಹುಡುಗಿಯ ಕೈಗೆ ಜರಡಿ ಕೊಟ್ಟು ನೀರು ತಾ ಎಂದಳು. ಭಾವ ಶುರುಮಾಡಿದರು: ಇದು ಖಳನ ಜಾಗ, ಇಲ್ಲಿ ಯಾರು ನಿಂತರೂ ಹೀಗೇ, ತಾವು ದಯವಿಟ್ಟು ವೈಯಕ್ತಿಕವಾಗಿ ತಗೋಬಾರದು, ಇತ್ಯಾದಿ. ಟೀಚರ್ ಎಲ್ಲವನ್ನೂ ಕೇಳಿಸಿಕೊಂಡರು. ಜರಡಿಯಿಂದ ನೀರೆಲ್ಲ ಸೋರಿ ಹುಡುಗಿ ಅಳುತ್ತಾ ಕೂತಾಗ, ನಮ್ಮ ಪುಟ್ಟಿಯೂ ನನ್ನ ಸೆರಗು ಹಿಡಿದುಕೊಂಡಳು. ಟೀಚರ್ ಅವಳ ಕಡೆ ಒಮ್ಮೆ ನೋಡಿ, ಮೆಲ್ಲಗೆ ಕೇಳಿದರು:

‘ಈ ಹುಡುಗಿಯ ಅಪ್ಪ ಎಲ್ಲಿ?’

‘ಮನೇಲೇ ಇದಾನೆ. ಈ ಸೀನಿನಲ್ಲಿ ಬರಲ್ಲ.’

‘ಬೇರೆ ಕಥೆಗಳಲ್ಲಿ?’

‘ಸಾಮಾನ್ಯವಾಗಿ ಸತ್ತಿರ್ತಾನೆ. ಇಲ್ದಿದ್ರೆ ಊರಿಗೆ ಹೋಗಿರ್ತಾನೆ.’

‘ನಿಮ್ಮ ಏಳರಲ್ಲಿ ಅವನದು ಯಾವುದು?’

ಭಾವ ತಡವರಿಸಿದ್ದನ್ನು ನಾನು ಅದೇ ಮೊದಲು ಕೇಳಿದ್ದು. ‘ಅವನಿಗೆ ಬೇರೆ ಇಲ್ಲ. ರಾಜಕುಮಾರಿಯ ಜೊತೆಗೇ ಸೇರಿಸಿ ಎಣಿಸ್ತಾರೆ. ಅಪ್ಪ, ಮಗಳು, ಇಬ್ಬರದೂ ಸೇರಿ ಒಂದೇ ಪಾತ್ರ.’

‘ಜೊತೆಗೆ ಅಂತೀರಿ’ ಎಂದರು ಟೀಚರ್. ‘ಜೊತೇಲಿ ಇಲ್ವಲ್ಲ?’

ಆ ದಿನ ನಮ್ಮ ಮುಂದಿನ ಸಾಲಿನವರು ಪುಣ್ಯವಂತರು. ಉಳಿದ ಸಿನಿಮಾ ಪೂರ್ತಿ ಭಾವನ ಘೋಷಣೆಗಳಿಲ್ಲದೆ ನೋಡಿದರು.

ಬಸ್ಸಿನಲ್ಲಿ ಬರುವಾಗ ನನಗೆ ಒಳಗೊಳಗೇ ಹಬ್ಬ. ಸಿದ್ಧಾಂತಕ್ಕೆ ಸರಿಯಾದ ಮಂಗಳಾರತಿಯಾಯಿತೆಂದು! ಆದರೆ ಸಂಬಂಧ ಕೈತಪ್ಪಿತೆಂಬ ಸಂಕಟವೂ ಇತ್ತು. ಸೋತ ಮೇಷ್ಟ್ರು ಗೆದ್ದವರನ್ನು ಮದುವೆಯಾಗುತ್ತಾರೆಯೇ? ಸಂಜೆ ಭಾವ ಪುಸ್ತಕವನ್ನೇ ತೆಗೆಯಲಿಲ್ಲ. ಜಗಲಿಯಲ್ಲಿ ಕೂತು, ಕುಂಟೆಬಿಲ್ಲೆ ಆಡುತ್ತಿದ್ದ ಪುಟ್ಟಿಯನ್ನು, ಇವಳು ಯಾರ ಮಗು ಎನ್ನುವ ಹಾಗೆ ನೋಡುತ್ತಿದ್ದರು.

ಮರುದಿನ ಬೆಳಿಗ್ಗೆ ಹಿತ್ತಿಲ ಬಾಗಿಲಲ್ಲಿ ಪುಟ್ಟಿಯನ್ನು ಕೂರಿಸಿಕೊಂಡು ತಲೆ ಬಾಚುತ್ತಿದ್ದೆ. ಭಾವ ಬಂದು ನಿಂತರು. ಹೋಗಲಿಲ್ಲ. ಕಾಫಿ ಬೇಕೇನೋ ಎಂದು ಏಳಹೋದೆ.

‘ಜಡೆ ಹೆಣೆಯೋದು ಹೇಗೆ ಅಂತ ಹೇಳಿಕೊಡ್ತೀರಾ?’ ಎಂದರು.

ನಾನು ಮತ್ತೆ ಕೂತು ಬಾಚಣಿಗೆಯನ್ನು ಅವರ ಕಡೆ ಚಾಚಿದೆ. ಅವರು ಪಂಚೆ ಮೇಲೆತ್ತಿ ಕಟ್ಟಿ, ನನ್ನ ಪಕ್ಕ ನೆಲದ ಮೇಲೆ ಕೂತರು.

‘ಮಲ್ಲೇಶ್ವರಂಗೆ ಹೇಳಿಕಳಿಸಿ, ಅವರು ಒಪ್ಪಿದ್ರೆ ನನ್ನದೂ ಒಪ್ಪಿಗೆ ಅಂತ. ಆದರೆ ಅವರು ಬರೋಷ್ಟರಲ್ಲಿ ಇದು ನನಗೆ ಬರಬೇಕು.’

ಕೂದಲನ್ನು ಮೂರು ಭಾಗ ಮಾಡುವುದೇ ಅವರಿಗೆ ಗಂಡಾಂತರವಾಯಿತು. ಸೀಮೆಸುಣ್ಣ ಬಿಟ್ಟರೆ ಬೇರೇನೂ ಹಿಡಿದು ಗೊತ್ತಿಲ್ಲದ ಬೆರಳುಗಳು. ಒಂದು ಎಳೆ ಹಿಡಿದರೆ ಎರಡು ಜಾರುತ್ತಿದ್ದವು. ನನ್ನ ಕೈಯಲ್ಲಾದರೆ ಕ್ಷಣ ಕೂರದ ಪುಟ್ಟಿ ಉಸಿರೂ ಆಡದೆ ಕತ್ತು ಬಾಗಿಸಿ ಕೂತಿದ್ದಳು. ನೋವಾಗ್ತಿದೆಯಾ ಎಂದು ಅವರು ಕೇಳಿದಾಗಲೆಲ್ಲ, ಕಣ್ಣಲ್ಲಿ ನೀರಿದ್ದರೂ, ಇಲ್ಲವೆಂದು ತಲೆಯಾಡಿಸುತ್ತಿದ್ದಳು. ಆ ತಲೆಯಾಡಿಸುವಿಕೆಗೆ ಹೆಣೆದಿದ್ದೆಲ್ಲ ಮತ್ತೆ ಬಿಚ್ಚಿಹೋಗುತ್ತಿತ್ತು.

ಕೊನೆಗೂ ಒಂದು ಜಡೆಯಾಯಿತು. ಮೇಲೆ ಬಿಗಿ, ನಡುವೆ ಸಡಿಲ, ತುದಿಯಲ್ಲಿ ಟೇಪು ಬೆಕ್ಕಿನ ಕಿವಿಯಂತೆ ಒಂದು ಕಡೆ ನಿಮಿರಿ ನಿಂತಿತ್ತು. ಹೀಗೆ ಮಗುವನ್ನು ಸ್ಕೂಲಿಗೆ ಕಳಿಸುವುದು ಹೇಗೆ? ಭಾವ ಕೈತೊಳೆಯಲು ಎದ್ದಾಗ, ಬಾರೇ, ಬಿಚ್ಚಿ ಸರಿಯಾಗಿ ಹಾಕ್ತೀನಿ ಎಂದು ಪಿಸುಗುಟ್ಟಿದೆ.

ಪುಟ್ಟಿ ಎರಡೂ ಕೈಗಳಿಂದ ಜಡೆಯನ್ನು ಎದೆಗೆ ಒತ್ತಿ ಹಿಡಿದುಕೊಂಡು ಬೀದಿಗೆ ಓಡಿಹೋದಳು.