ತಳ್ಳುಗಾಡಿಯ ಮೇಲೆ ಅತ್ತೆಯ ದನಿ

ನಮ್ಮ ಸೋದರತ್ತೆಯ ದನಿ ಕೇಳದವರು ಕೋಠಿ ಪೇಟೆಯ ಸುತ್ತಮುತ್ತ ಯಾರೂ ಇಲ್ಲ. ಆದರೆ ಅಬಿಡ್ಸಿನಲ್ಲಿ ಆಕೆ ಕೆಲಸ ಮಾಡುವ ಹಲ್ಲಿನ ದವಾಖಾನೆಯಲ್ಲಿ ವಿಚಾರಿಸಿ ನೋಡಿ, ಆಕೆಗೆ ಮಾತೇ ಬರುವುದಿಲ್ಲ ಎಂದು ಮರುಗುವವರು ಸಿಗುತ್ತಾರೆ!

ಬೆಳಗಿನ ಹೊತ್ತು ಅತ್ತೆಗೆ ದವಾಖಾನೆಯಲ್ಲಿ ಚೀಟಿ ಕೊಡುವ ಅರ್ಧ ದಿನದ ನೌಕರಿ. ಮಧ್ಯಾಹ್ನ ಮನೆಯಲ್ಲಿ ಸ್ವಂತ ಧಂದೆ. ತಳ್ಳುಗಾಡಿಯವರಿಗೆ ಕೂಗು ರೆಕಾರ್ಡ್ ಮಾಡಿಕೊಡುತ್ತಾಳೆ. ಈರುಳ್ಳಿ, ಟೊಮೆಟೊ, ಹಳೇ ಕಬ್ಬಿಣ, ಯಾವುದಾದರೂ ಸರಿ. ತೆಲುಗಿನಲ್ಲೋ ಹಿಂದಿಯಲ್ಲೋ ಆಕೆ ಒಮ್ಮೆ ಹೇಳಿದ್ದನ್ನು ಗಾಡಿಯ ಮೈಕು ದಿನವಿಡೀ ಹೇಳುತ್ತದೆ. ದನಿಯೇ ಬಂಡವಾಳವಾದ ಮೇಲೆ ಅದನ್ನು ದವಾಖಾನೆಯಲ್ಲಿ ಖರ್ಚು ಮಾಡಲಾದೀತೇ? ಅಲ್ಲಿ ಎಲ್ಲವೂ ಕೈಸನ್ನೆ. ಬಂದವರೋ ಗಲ್ಲ ಹಿಡಿದುಕೊಂಡು ಬಂದವರು, ಅವರಿಗೂ ಬಾಯಿ ಬಿಡಲಾಗದು. ಆ ಸನ್ನೆಯ ಸಂಭಾಷಣೆ ನೋಡಲೆಂದೇ ನಾನು ಹಲ್ಲುನೋವಿಲ್ಲದೆಯೂ ಹೋಗಿ ಕೂತದ್ದುಂಟು.

"ಅತ್ತಿ, ಎರಡು ಮಾತಾಡಿದ್ರ ಏನ್ ಗಂಟು ಹೋಗ್ತೈತಿ?" ಎಂದೆ.

"ಅರ್ಧಾ ಪಗಾರಕ್ಕ ಕೈ ಬಾಡಿಗಿ ಕೊಟ್ಟೀನಿ. ದನಿ ಕೊಟ್ಟಿಲ್ಲ!"

ಇನ್ನು ಮನೆಯಲ್ಲಿ ರೆಕಾರ್ಡಿಂಗ್ ಎಂದರೆ ಕರ್ಫ್ಯೂ. ಫ್ಯಾನು ಬಂದ್, ಕಿಟಕಿ ಬಂದ್. ಸುಡುಬೇಸಿಗೆಯಲ್ಲೂ ತಲೆ ತುಂಬ ಕೌದಿ ಹೊದ್ದು, ಒಳಗೆ ಫೋನು ಹಿಡಿದು "ತಾಜಾ, ತಾಜಾ" ಎನ್ನುತ್ತಾಳೆ. ಹೊರಬಂದಾಗ ಆಕೆಯಂತೂ ತಾಜಾ ಇರುವುದಿಲ್ಲ. ಒಮ್ಮೆ ಈರುಳ್ಳಿ ಕೂಗಿನ ನಡುವೆ ಕುಕ್ಕರ್ ಸೀಟಿ ಹೊಡೆಯಿತು. ಬೇರೆ ಮಾಡಿಕೊಡುತ್ತೇನೆ ಎಂದರೆ ಗಾಡಿಯವನು ಸುತಾರಾಂ ಒಪ್ಪಲಿಲ್ಲ. ಆ ಸೀಟಿ ಕೇಳಿ ಹೆಂಗಸರು ಅಡುಗೆಮನೆಗೆ ಓಡುತ್ತಾರಂತೆ, ಅಲ್ಲಿ ಈರುಳ್ಳಿ ಇಲ್ಲದ್ದು ಕಂಡು ಗಾಡಿಗೆ ಓಡಿ ಬರುತ್ತಾರಂತೆ!

ಅತ್ತೆಯ ಯಜಮಾನರು, ಅಂದರೆ ನಮ್ಮ ಮಾಮಾ, ನಿವೃತ್ತರು. ಮೊಸರು ತರಲು ಹೋಗಿ ಪೇಪರು ತರುತ್ತಿದ್ದರು. ನಾವೆಲ್ಲ ನಗುತ್ತಿದ್ದೆವು. ಆಮೇಲಾಮೇಲೆ ಮನೆಯ ದಾರಿಯೇ ಮರೆಯತೊಡಗಿದಾಗ ನಗು ನಿಂತಿತು. ಬೆಳಿಗ್ಗೆ ಅವರು ನಮ್ಮ ಮನೆಯಲ್ಲಿರುತ್ತಿದ್ದರು. ಮಧ್ಯಾಹ್ನ ನಾನು ಡ್ಯೂಟಿಗೆ ಹೊರಡುವ ಹೊತ್ತಿಗೆ ಅತ್ತೆ ಬಂದು ಕರೆದೊಯ್ಯುತ್ತಿದ್ದಳು.

ಇಂಥದರಲ್ಲಿ ದವಾಖಾನೆಯ ಡಾಕ್ಟರಮ್ಮ, ಇಡೀ ದಿನ ಬಂದರೆ ಕಾಯಂ ಮಾಡುತ್ತೇನೆ, ಇಲ್ಲವಾದರೆ ಬೇರೆಯವರನ್ನು ನೋಡಿಕೊಳ್ಳುತ್ತೇನೆ ಎಂದರು. ಬಂಧುಬಳಗವೆಲ್ಲ ಒಂದೇ ಬಾಯಲ್ಲಿ, ಆ ಕೂಗಾಟ ಬಿಟ್ಟು ಕಾಯಂ ಆಗು ಎಂದಿತು. ನಾನೂ ಅಂದೆ.

"ಸಂಜಿಮಟ ನಾ ಅಲ್ಲಿ ಕುಂತ್ರ ಇವರ ಹತ್ರ ಯಾರು ಇರಬೇಕೋ? ನೌಕರಿ ಬಿಟ್ರ ಇವರ ಗುಳಿಗಿ ಎಲ್ಲಿಂದ ತರ್ಲಿ?" ಎಂದಳು ಅತ್ತೆ.

ಆ ಭಾನುವಾರ ಅತ್ತೆ ಕೌದಿಯೊಳಗಿದ್ದಾಗ ಮಾಮಾ ಬಾಗಿಲು ತೆಗೆದು ಹೊರಟುಹೋದರು. ಕೋಠಿಯ ಬಸ್ ಸ್ಟಾಪು, ಔಷಧದ ಅಂಗಡಿಗಳು, ನಾಂಪಲ್ಲಿ ಸ್ಟೇಷನ್ನು, ಎಲ್ಲ ಹುಡುಕಿದೆವು. ಒಂದೊಂದು ಮಾತನ್ನೂ ಕಾಪಿಡುತ್ತಿದ್ದ ಅತ್ತೆ ಬರಿಗಾಲಲ್ಲಿ ಓಡುತ್ತ, ಗಂಟಲು ಹರಿಯುವಂತೆ ಕೂಗಿ ಕೂಗಿ ದನಿಯನ್ನೇ ಕಳೆದುಕೊಂಡಳು. ನನಗೆ ಅಳು ಬಂತು.

ಹೊತ್ತು ಮುಳುಗುವಾಗ ಸಿಕ್ಕರು. ಒಂದು ಓಣಿಯಲ್ಲಿ ಟೊಮೆಟೊ ಗಾಡಿಯ ಪಕ್ಕ, ಮೈಕಿನ ಮೇಲೆ ಕೈಯಿಟ್ಟು ನಿಂತಿದ್ದರು. ಮೈಕಿನಲ್ಲಿ ಅತ್ತೆಯ ದನಿ. ಮಧ್ಯಾಹ್ನದಿಂದ ಈ ಸಾಹೇಬರು ಗಾಡಿಯ ಬೆನ್ನು ಬಿಟ್ಟಿಲ್ಲ ಎಂದ ಗಾಡಿಯವನು.

ಅತ್ತೆಯನ್ನು ನೋಡಿ ಮಾಮಾ, "ಎಲ್ಲಿ ಹೋಗಿದ್ದಿ? ನೀ ಕರಿಯಾಕತ್ತಿದ್ದಿ, ನಾ ಬಂದೆ" ಎಂದರು.

ದನಿ ಮರಳಿದ ದಿನ ಅತ್ತೆ ಡಾಕ್ಟರಮ್ಮನ ಎದುರು ನಿಂತು, ಅರ್ಧ ದಿನಕ್ಕಿಂತ ಹೆಚ್ಚು ಆಗದು ಎಂದು ಬಾಯಿಬಿಟ್ಟು ಹೇಳಿದಳು. ಡಾಕ್ಟರಮ್ಮ ಬೆರಗಾಗಿ, ಹೀಗೆ ಮಾತಾಡುವುದಾದರೆ ಅರ್ಧ ದಿನವೇ ಸಾಕು ಎಂದರಂತೆ. ಈಗ ಅತ್ತೆ ದವಾಖಾನೆಗೂ ದನಿ ಕೊಡುತ್ತಾಳೆ.

ಅಂದಿನಿಂದ ಆಕೆಯ ಕೂಗುಗಳೆಲ್ಲ, ತೆಲುಗಿರಲಿ ಹಿಂದಿಯಿರಲಿ, ಕೊನೆಗೊಂದು ಕನ್ನಡದ ಮಾತಿನಿಂದ ಮುಗಿಯುತ್ತವೆ. ಗಾಡಿಯವರಿಗೆ ಅದರ ಅರ್ಥ ಗೊತ್ತಿಲ್ಲ. ಅದೂ ವ್ಯಾಪಾರದ ಮಾತೇ ಇರಬೇಕು ಎಂದುಕೊಂಡಿದ್ದಾರೆ.

"ರೀ, ಅಲ್ಲೇ ನಿಂದರ್ರಿ. ನಾ ಬಂದೆ."

ಬೆಳಿಗ್ಗೆ ನಮ್ಮ ಓಣಿಗೆ ಗಾಡಿ ಬಂದು ಈ ಮಾತು ಕೇಳಿಸಿದೊಡನೆ ಮಾಮಾ ಪೇಪರು ಕೆಳಗಿಟ್ಟು ಎದ್ದು ನಿಲ್ಲುತ್ತಾರೆ. ಗಾಡಿ ದೂರ ಹೋದರೂ ಕೂಡುವುದಿಲ್ಲ. ಅತ್ತೆ ಬರುವವರೆಗೆ ಅಲ್ಲೇ ನಿಂತಿರುತ್ತಾರೆ.