ಸರಿ ಎಂಬ ಸಹಿ

ವಿದ್ಯುನ್ಮಾನ ವಹಿವಾಟಿನಲ್ಲಿ ಬಳಕೆದಾರರಿಗೆ ಯಾವ ಮೋಸವೂ ಆಗಕೂಡದು ಎಂಬ ಘನ ಉದ್ದೇಶದಿಂದ ‘ಸರಿ’ ಎಂಬ ಎರಡಕ್ಷರಕ್ಕೆ ಸಹಿಯ ಸ್ಥಾನಮಾನ ಕೊಡಲಾಗಿದೆ. ಅದಕ್ಕೆ ಮೊದಲು ಜನ ಫೋನಿನಲ್ಲಿ ಗುಂಡಿ ಒತ್ತಿ ಒಪ್ಪಿಗೆ ಕೊಡುತ್ತಿದ್ದರು. ಆಮೇಲೆ ಬೆರಳು ಜಾರಿತು, ಕಣ್ಣು ಕಾಣಲಿಲ್ಲ, ಮಗು ಒತ್ತಿತು ಎಂದು ಬಳಕೆದಾರರ ರಕ್ಷಣಾ ಕಚೇರಿಗೆ ಬಂದು ಅಳುತ್ತಿದ್ದರು. ಈ ಅಳುವನ್ನು ನಿಲ್ಲಿಸಲು ನೇಮಕವಾದ ಸಮಿತಿ ತಂಪು ಕೋಣೆಯಲ್ಲಿ ಬಹುಕಾಲ ಕೂತು, ಬೆರಳು ಜಾರಬಹುದು, ನಾಲಗೆ ಜಾರುವುದಿಲ್ಲ ಎಂಬ ತೀರ್ಮಾನಕ್ಕೆ ಬಂತು. ಸಮಿತಿಯಲ್ಲಿ ಮದುವೆಯಾದವರು ಯಾರೂ ಇರಲಿಲ್ಲವೆಂದು ಕಾಣುತ್ತದೆ. ಸಮಿತಿಯ ಊಟೋಪಚಾರವನ್ನು ಆನ್‌ಲೈನ್ ಮಳಿಗೆಗಳ ಸಂಘ ನೋಡಿಕೊಂಡಿತ್ತು. ಆ ಊಟಕ್ಕೂ ಈ ತೀರ್ಮಾನಕ್ಕೂ ಸಂಬಂಧವಿಲ್ಲವೆಂದು ತೀರ್ಮಾನದಲ್ಲೇ ಬರೆದಿದೆ.

ಈ ನಿಯಮ ಜಾರಿಗೆ ಬಂದ ವಾರವೇ ಇಸ್ತ್ರಿಯಕ್ಕನ ಇಸ್ತ್ರಿಪೆಟ್ಟಿಗೆಯ ಕಾಯಿಲ್ ಸುಟ್ಟುಹೋಯಿತು.

ಇಸ್ತ್ರಿಯಕ್ಕನದು ಒಂದು ಷಟರಿನ ಅಂಗಡಿ. ನಡುವೆ ಕಂಬಳಿ ಹಾಸಿದ ಮೇಜು, ಮೇಲೆ ಹಗ್ಗದಲ್ಲಿ ತೂಗುವ ಹ್ಯಾಂಗರುಗಳು, ಮೂಲೆಯ ಸ್ಟೂಲಿನ ಮೇಲೆ ಕೂತು ಬಟ್ಟೆ ಮಡಿಸುವ ಅತ್ತೆ. ಬೀದಿಯ ಅಂಗಿ-ಪ್ಯಾಂಟುಗಳಿಂದ ಬರುವುದು ಉಪ್ಪಿಗೆ ಸಾಲುತ್ತಿತ್ತು. ಅನ್ನ ಹುಟ್ಟುತ್ತಿದ್ದದ್ದು ಆಸ್ಪತ್ರೆಯ ಬಿಳಿ ಕೋಟುಗಳಿಂದ. ಆಸ್ಪತ್ರೆಯ ಸ್ಟೋರ್‌ಕೀಪರ್ ಕೋಟಿನ ಗಂಟು ಇಳಿಸಿ, "ಸೋಮವಾರ ಬೆಳಿಗ್ಗೆ ಗರಿಗರಿಯಾಗಿ ಕೈಗೆ ಬರಬೇಕು. ಬರಲಿಲ್ಲ ಅಂದ್ರೆ ಎದುರಿನ ಲಾಂಡ್ರಿಗೆ ಕೊಟ್ಬಿಡ್ತೀನಿ, ಆಮೇಲೆ ಬೇಜಾರು ಮಾಡ್ಕೋಬೇಡಿ" ಎಂದು ಹೇಳಿ ಹೋಗಿದ್ದರು. ಪಕ್ಕದ ಮನೆಯ ಹಗುರ ಪೆಟ್ಟಿಗೆ ತಂದು ಅಕ್ಕ ಒಂದು ಕೋಟಿನ ಮೇಲೆ ಓಡಿಸಿದಳು. ಆ ದಪ್ಪ ಬಟ್ಟೆಯ ಮೇಲೆ ಅದು ಬೆಕ್ಕು ನಡೆದ ಹಾಗೆ ನಡೆದು ಬಂತು, ಸುಕ್ಕು ಇದ್ದಲ್ಲೇ ಇತ್ತು.

ಬೀದಿ ಕೊನೆಯ ಎಲೆಕ್ಟ್ರಿಕ್ ಅಂಗಡಿ ಮುಚ್ಚಿತ್ತು. ಅದರ ಮಾಲೀಕ ಬಲ್ಬಣ್ಣ ಈಗ ಆನ್‌ಲೈನ್ ಮಳಿಗೆಯ ಸಾಮಾನನ್ನು ಮನೆಮನೆಗೆ ಹೊತ್ತು ಹಾಕುತ್ತಿದ್ದ. ಹಾಗಾಗಿ ಅಕ್ಕ ಫೋನು ತೆಗೆದಳು.

"ನಮಸ್ಕಾರ. ತಮಗೇನು ಬೇಕು?" ಜೇನು ಸವರಿದಂಥ ಹೆಣ್ಣುದನಿ. ಅದು ಹೆಣ್ಣಲ್ಲ, ಯಂತ್ರ.

"ಇಸ್ತ್ರಿಪೆಟ್ಟಿಗೆ ಬೇಕಮ್ಮ. ಭಾರದ್ದು. ಡಾಕ್ಟರ ಕೋಟಿಗೆ."

"ಒಂದು ಇಸ್ತ್ರಿಪೆಟ್ಟಿಗೆ. ಒಪ್ಪಿಗೆಯೇ?"

"ಸರಿ."

"ಧನ್ಯವಾದ, ಡಾಕ್ಟರೇ. ತಮ್ಮಂಥ ವೈದ್ಯರು ಹಲ್ಲು ಕೀಳುವ ಕುರ್ಚಿಯನ್ನೂ ಕೊಳ್ಳುತ್ತಾರೆ. ಕಳಿಸಲೇ?"

ಅಕ್ಕ ಅತ್ತೆಯ ಕಡೆ ತಿರುಗಿ, "ಸರಿಹೋಯ್ತು, ಕೇಳಿ ಇವಳ ಮಾತು" ಅಂದಳು.

"ಸಹಿ ಸಿಕ್ಕಿದೆ" ಎಂದಿತು ದನಿ.

ಇದರಲ್ಲಿ ಅಕ್ಕನ ತಪ್ಪೇನೂ ಇರಲಿಲ್ಲ. ಈ ಭಾಷೆಯಲ್ಲಿ ಹುಟ್ಟಿದವರ ಪಾಡೇ ಅದು. ಒಪ್ಪಿದರೂ ಸರಿ, ಒಪ್ಪದಿದ್ದರೂ ಸರಿ. ಹಾಲು ಉಕ್ಕಿ ಒಲೆ ಕೆಟ್ಟರೆ ಸರಿಹೋಯ್ತು, ಕರೆಂಟು ಹೋದರೆ ಸರಿ ಇನ್ನು. ಎಲ್ಲ ಹಾಳಾದ ಮೇಲೇ ನಾವು ಸರಿಹೋಯ್ತು ಅನ್ನುವುದು. ಸಮಿತಿಗೆ ಇದು ಗೊತ್ತಿರಲಿಲ್ಲ ಎಂದು ಯಾರಾದರೂ ತಿಳಿದರೆ ಅವರು ಬಹಳ ಒಳ್ಳೆಯವರು.

ಮರುದಿನ ಬಲ್ಬಣ್ಣ ಇನ್ನಿಬ್ಬರನ್ನು ಕರೆದುಕೊಂಡು ಗಾಡಿಯಲ್ಲಿ ಕುರ್ಚಿ ತಂದ. ಅದು ಒಳಗೆ ಹೋಗಬೇಕಾದರೆ ಇಸ್ತ್ರಿ ಮೇಜು ಹೊರಗೆ ಬರಬೇಕಾಯಿತು.

"ಇದೇನೇ, ಕ್ಷೌರದಂಗಡಿ ಇಡ್ತೀಯಾ?" ಅತ್ತೆ ಕೇಳಿದರು.

"ಹಲ್ಲಿನ ಕುರ್ಚಿ ಅಜ್ಜಿ" ಎಂದ ಬಲ್ಬಣ್ಣ. "ಮೇಲೆ ದೀಪ ಇದೆ ನೋಡಿ, ಬಾಯೊಳಗೆ ಬಿಡೋಕೆ. ದೀಪ ಒಳ್ಳೇದಿದೆ."

"ಇಸ್ತ್ರಿಪೆಟ್ಟಿಗೆ ಎಲ್ಲಿ ಬಲ್ಬಣ್ಣ?"

"ಅದು ರದ್ದಾಯ್ತಕ್ಕ. ಒಬ್ಬರಿಗೆ ಒಂದು ಸಲಕ್ಕೆ ಒಂದೇ ಸಹಿ, ಕೊನೇದೇ ಊರ್ಜಿತ. ನಿಮ್ಮ ಮೊದಲನೇ ‘ಸರಿ’ಯನ್ನ ಎರಡನೇ ‘ಸರಿಹೋಯ್ತು’ ನುಂಗಿ ನೀರು ಕುಡೀತು."

"ನಿನ್ನ ಅಂಗಡೀಲಿ ನಿಂತು ನಾನು ಎಷ್ಟು ಸಲ ಸರಿಹೋಯ್ತು ಅಂದಿದ್ದೀನಿ. ಒಂದು ದಿನ ಹಲ್ಲಿನ ಕುರ್ಚಿ ಕೊಟ್ಯಾ?"

"ಅದಕ್ಕೇ ನನ್ನ ಅಂಗಡಿ ಮುಚ್ಚಿದ್ದು."

"ಇದನ್ನ ವಾಪಸು ಹೊತ್ಕೊಂಡು ಹೋಗು."

"ತರೋದಷ್ಟೇ ನನ್ನ ಕೆಲಸ. ವಾಪಸಿಗೆ ಬಳಕೆದಾರರ ರಕ್ಷಣಾ ಕಚೇರಿಯ ಅಪ್ಪಣೆ ಬೇಕು."

ಅಕ್ಕ ನಿಟ್ಟುಸಿರು ಬಿಟ್ಟು, ಕುರ್ಚಿ ಹೊತ್ತು ಬಂದಿದ್ದ ಇಬ್ಬರಿಗೂ ಸೇರಿಸಿ, "ಸರಿ, ಬಿಡಿ" ಅಂದಳು. ಬಲ್ಬಣ್ಣನ ಜೇಬಿನ ಫೋನು ಟಿಣ್ ಎಂದಿತು. ಸಂಜೆಯೊಳಗೆ ಇಕ್ಕಳ, ಕೊರೆಯುವ ಸೂಜಿ, ಬಾಯಿ ಅಗಲಿಸುವ ಕಬ್ಬಿಣಗಳ ದೊಡ್ಡ ಪೆಟ್ಟಿಗೆಯೊಂದು ಬಂತು. ‘ಬಿಡಿ’ ಎಂದರೆ ಬಿಡಿಭಾಗ ಎಂದು ಮಳಿಗೆಯವರು ಅರ್ಥ ಮಾಡಿಕೊಂಡಿದ್ದರು. ಅರ್ಥ ಮಾಡಿಕೊಳ್ಳುವ ಹಕ್ಕು ನಿಯಮದಲ್ಲಿ ಅವರಿಗೇ ಇತ್ತು.

ಶುಕ್ರವಾರ ಅಕ್ಕ ಕಚೇರಿಗೆ ಹೋದಳು. ಬಾಗಿಲಲ್ಲಿ ‘ಬಳಕೆದಾರರೇ ದೊರೆಗಳು’ ಎಂಬ ಫಲಕವಿತ್ತು. ಅದರ ಕೆಳಗೆ ‘ದೊರೆಗಳು ಸಾಲಿನಲ್ಲಿ ನಿಲ್ಲತಕ್ಕದ್ದು’ ಎಂದು ಬರೆದಿತ್ತು. ಒಳಗಿನ ನೌಕರರು ಯಾರೂ ‘ಸರಿ’ ಅನ್ನುತ್ತಿರಲಿಲ್ಲ. ಕಾಫಿಗೆ ಹೋಗೋಣವೇ ಎಂದರೆ ‘ತಪ್ಪಲ್ಲ’ ಅನ್ನುತ್ತಿದ್ದರು. ನಿಯಮ ಬರೆದವರಿಗೆ ನಿಯಮ ಗೊತ್ತಿರುತ್ತದೆ.

ಅಧಿಕಾರಿ ಅವಳ ಮಾತನ್ನು ಪೂರ್ತಿ ಕೇಳಿದರು.

"ಸರ್, ನಾನು ಕೊಂಕಿಗೆ ಅಂದದ್ದು."

"ಕೊಂಕು ಮಾತಾಡೋರು ಮಳಿಗೆಗೆ ಮುಂಚಿತವಾಗಿ ತಿಳಿಸಬೇಕು. ಹನ್ನೊಂದನೇ ನಿಯಮ. ತಿಳಿಸಿದ್ರಾ?"

"ಕೊಂಕು ಬರೋದು ಮುಂಚೆ ಗೊತ್ತಾಗುತ್ತಾ ಸರ್?"

"ಗೊತ್ತಿಲ್ಲದೆ ಬಂದ್ರೆ ಅದು ಕೊಂಕಲ್ಲ, ಕೆಮ್ಮು. ಕೆಮ್ಮಿಗೆ ಬೇರೆ ನಿಯಮ ಇದೆ." ಅಧಿಕಾರಿ ಕನ್ನಡಕ ಒರೆಸಿಕೊಂಡರು. "ಅದಿರಲಿ. ಮೊದಲು ನೀವು ಬಳಕೆದಾರರಾ, ಅದನ್ನ ನೋಡೋಣ."

"ದುಡ್ಡು ಕೊಟ್ಟಿದ್ದೀನಲ್ಲ ಸರ್."

"ದುಡ್ಡು ಕೊಟ್ಟೋರು ದುಡ್ಡು ಕೊಟ್ಟೋರು. ಬಳಸಿದೋರು ಬಳಕೆದಾರರು. ಕುರ್ಚಿ ಬಳಸಿದ್ದೀರಾ?"

"ಮಡಿಸಿದ ಬಟ್ಟೆ ಇಟ್ಟಿದ್ದೀನಿ."

"ಅದು ದುರ್ಬಳಕೆ. ದುರ್ಬಳಕೆದಾರರ ಕಚೇರಿ ಬೇರೆ. ಹಲ್ಲು ಕಿತ್ತಿದ್ದೀರಾ?"

"ನಾನು ಇಸ್ತ್ರಿ ಹಾಕೋಳು ಸರ್."

"ಅದು ನಿಮ್ಮ ಸ್ವಂತ ವಿಚಾರ, ನಾನು ತಲೆ ಹಾಕಲ್ಲ. ಒಂದೇ ಒಂದು ಹಲ್ಲು ಕಿತ್ತು ಬನ್ನಿ. ಆಗ ನೀವು ಬಳಕೆದಾರರು. ಆಗ ನಿಮ್ಮನ್ನ ರಕ್ಷಿಸೋದು ನನ್ನ ಕರ್ತವ್ಯ."

ಅಧಿಕಾರಿ ಕೆಟ್ಟವರಲ್ಲ. ಕರ್ತವ್ಯ ಮಾಡುವ ಆಸೆ ಅವರಿಗೆ ನಿಜವಾಗಿಯೂ ಇತ್ತು. ಅದಕ್ಕೆ ತಕ್ಕ ಬಳಕೆದಾರರೇ ಸಿಕ್ಕಿರಲಿಲ್ಲ.

ಅಕ್ಕ ಅಂಗಡಿಗೆ ಬಂದು ಬಾಗಿಲಲ್ಲೇ ಕೂತಳು. ಕೋಟಿನ ಗಂಟು ಹಾಗೇ ಬಿದ್ದಿತ್ತು. ಅತ್ತೆ ನಡೆದದ್ದನ್ನೆಲ್ಲ ಕೇಳಿ, ನಾಲಗೆಯಿಂದ ತಮ್ಮ ದವಡೆಯನ್ನೊಮ್ಮೆ ತಡವಿದರು.

"ನನ್ನದೊಂದು ಹಲ್ಲು ಅಲ್ಲಾಡ್ತಾ ಇದೆ. ಹೇಗಿದ್ರೂ ಬೀಳೋದೇ. ಅದರಿಂದ ನಿನ್ನ ಕೋಟು ಉಳಿಯೋದಾದ್ರೆ ಕಿತ್ತಾಕು."

"ಹಾಗೆಲ್ಲ ಅನ್ನಬೇಡಿ ಅತ್ತೆ."

"ಇಷ್ಟು ವರ್ಷ ನನ್ನ ಮಾತಿಗೆ ಹಲ್ಲು ಕಚ್ಕೊಂಡು ಇದ್ಯಲ್ಲ. ಈಗ ಕೀಳೋ ಸರದಿ ಬಂದಿದೆ, ಬಿಟ್ಟುಬಿಡ್ತೀಯಾ?"

ಅತ್ತೆ ತಾವೇ ಹತ್ತಿ ಕೂತರು. ಕಾಲು ನೆಲಕ್ಕೆ ಎಟುಕಲಿಲ್ಲ. ಬಾಯೊಳಗೆ ದೀಪ ಬಿತ್ತು. ಅಕ್ಕ ಇಕ್ಕಳಕ್ಕೆ ಒಗೆದ ಬಟ್ಟೆ ಸುತ್ತಿದಳು, ಕಣ್ಣು ಮುಚ್ಚಿಕೊಂಡಳು, ಎಳೆದಳು. ಹಲ್ಲು ಅವಳಿಗಿಂತ ಮೊದಲೇ ಮನಸ್ಸು ಮಾಡಿತ್ತು, ಸುಲಭವಾಗಿ ಬಂತು.

"ನೋವಾಯ್ತಾ ಅತ್ತೆ?"

ಅತ್ತೆ ಬಾಯಿ ಮುಕ್ಕಳಿಸಿ ಉಗುಳಿದರು. "ಇಲ್ಲ ಕಣೇ. ಸರಿಯಾಗೇ ಕಿತ್ತೆ."

ಕುರ್ಚಿಯ ತಲೆದಿಂಬಿನ ಹತ್ತಿರ ಹಸಿರು ದೀಪವೊಂದು ಹತ್ತಿತು. ಕುರ್ಚಿಗೂ ಕಿವಿ ಇತ್ತು.

ಶನಿವಾರ ಅಕ್ಕ ಕಾಗದದಲ್ಲಿ ಹಲ್ಲು ಕಟ್ಟಿಕೊಂಡು, ಅತ್ತೆಯನ್ನೂ ಕರೆದುಕೊಂಡು ಕಚೇರಿಗೆ ಹೋದಳು. ಹಲ್ಲನ್ನು ಕಂಡು ಅಧಿಕಾರಿ ಎದ್ದು ನಿಂತರು. ತಮ್ಮ ಮುಂದೆಯೇ ತೀರ್ಪು ಬರೆಸಿ ತಾವೇ ಓದಿದರು:

"ಅರ್ಜಿದಾರರು ಹಲ್ಲು ಕಿತ್ತಿರುವುದು ಸಾಬೀತಾಗಿದೆ. ಆದ್ದರಿಂದ ಅವರು ಬಳಕೆದಾರರು. ಬಳಕೆದಾರರು ಎಂದ ಮೇಲೆ ವಸ್ತು ಬಳಕೆಯಾಗಿದೆ. ಬಳಕೆಯಾದ ವಸ್ತುವನ್ನು ಹಿಂದಕ್ಕೆ ಪಡೆಯತಕ್ಕದ್ದಲ್ಲ. ಅಲ್ಲದೆ ಹಲ್ಲು ಕೊಟ್ಟ ಹಿರಿಯರು ‘ಸರಿಯಾಗೇ’ ಎಂದು ಹೇಳಿ ಸೇವೆಯನ್ನು ಅಂಗೀಕರಿಸಿರುತ್ತಾರೆ. ಸೇವೆ ಕೊಟ್ಟವರು ವ್ಯಾಪಾರಿ. ವ್ಯಾಪಾರಿಗಳಿಂದ ಬಳಕೆದಾರರನ್ನು ರಕ್ಷಿಸುವುದು ಈ ಕಚೇರಿಯ ಧ್ಯೇಯವಾಗಿರುವುದರಿಂದ, ಅರ್ಜಿದಾರರಿಂದ ಅರ್ಜಿದಾರರನ್ನು ರಕ್ಷಿಸುವ ಸಲುವಾಗಿ ಅರ್ಜಿಯನ್ನು ವಜಾ ಮಾಡಲಾಗಿದೆ."

"ಅಂದ್ರೆ ಗೆದ್ವಾ?" ಅತ್ತೆ ಕೇಳಿದರು.

"ಎರಡೂ ಕಡೆ ನೀವೇ ಇದ್ದೀರಿ. ಗೆಲ್ಲದೆ ಎಲ್ಲಿ ಹೋಗ್ತೀರಿ?"

"ಪಕ್ಕದೂರಿಂದ ಭಾರದ ಪೆಟ್ಟಿಗೆ ಎರವಲು ತಂದು ಕೋಟಾದ್ರೂ ಹಾಕ್ಲಾ ಸರ್?" ಎಂದಳು ಅಕ್ಕ.

ಅಧಿಕಾರಿ ನೊಂದುಕೊಂಡರು. "ನಿನ್ನೆಯಿಂದ ನಿಮ್ಮದು ದಂತ ಸೇವಾ ಕೇಂದ್ರ. ದಂತ ಸೇವಾ ಕೇಂದ್ರದಲ್ಲಿ ಇಸ್ತ್ರಿ ಹಾಕಿದ್ರೆ ಬಳಕೆದಾರರ ದಾರಿ ತಪ್ಪಿಸಿದ ಹಾಗೆ. ನೀವೂ ಒಬ್ಬ ಬಳಕೆದಾರರು, ಯೋಚನೆ ಮಾಡಿ."

ಸೋಮವಾರ ಸ್ಟೋರ್‌ಕೀಪರ್ ಬಂದು, ಮುದುಡಿದ ಕೋಟುಗಳನ್ನು ನೋಡಿ, ಗಂಟು ಕಟ್ಟಿಕೊಂಡು ಎದುರಿನ ಲಾಂಡ್ರಿಗೆ ಹೋದರು. ಅಕ್ಕ ಅವರ ಬೆನ್ನು ರಸ್ತೆ ದಾಟುವುದನ್ನು ನೋಡುತ್ತಾ ನಿಂತಿದ್ದಳು.

ಬೀದಿಯವರು ಇದನ್ನೆಲ್ಲ ನೋಡಿ ಬುದ್ಧಿ ಕಲಿತರು. ಫೋನು ಏನು ಕೇಳಿದರೂ ತುಟಿ ಹೊಲಿದುಕೊಂಡರು. ಕೆಲವರು ಧೈರ್ಯ ಮಾಡಿ ‘ಬೇಡ’ ಎಂದರು. ಬಹಳ ದಿನ ಕಳೆಯುವ ಮೊದಲೇ ಗೋಡೆಗಳ ಮೇಲೆ ಪ್ರಕಟಣೆ ಬಂತು:

‘ಸಾರ್ವಜನಿಕರ ಗಮನಕ್ಕೆ. ಕೆಲವು ಬಳಕೆದಾರರು ವಹಿವಾಟಿನ ವೇಳೆ ಮೌನವಾಗಿರುವುದು ಕಂಡುಬಂದಿದೆ. ಮೌನ ಸಮ್ಮತಿಯ ಲಕ್ಷಣವೆಂದು ಹಿರಿಯರೇ ಹೇಳಿರುವುದರಿಂದ ಇನ್ನು ಮುಂದೆ ಮೌನವೂ ಸಹಿ. ಮತ್ತೆ ಕೆಲವರು ‘ಬೇಡ’ ಎನ್ನುತ್ತಿರುವುದು ಗಮನಕ್ಕೆ ಬಂದಿದೆ. ಬೇಡು, ಬೇಡಿಕೆ, ಬೇಡ ಎಂಬಿವು ಒಂದೇ ಬಳ್ಳಿಯ ಕಾಯಿಗಳೆಂದು ಭಾಷಾ ತಜ್ಞರು ಅಭಿಪ್ರಾಯಪಟ್ಟಿರುವುದರಿಂದ ‘ಬೇಡ’ ಎಂಬುದನ್ನು ಬೇಡಿಕೆಯೆಂದೇ ಪರಿಗಣಿಸಲಾಗುವುದು. ಎರಡು ಸಲ ಬೇಡ ಎಂದವರಿಗೆ ಎರಡು ಕಳಿಸಲಾಗುವುದು. ಇದೆಲ್ಲವೂ ಬಳಕೆದಾರರ ಹಿತಕ್ಕಾಗಿ.’

ಭಾಷಾ ತಜ್ಞರ ಊಟೋಪಚಾರ ಯಾರದೆಂದು ಪ್ರಕಟಣೆಯಲ್ಲಿ ಇರಲಿಲ್ಲ. ಎಲ್ಲರಿಗೂ ಗೊತ್ತಿರುವುದನ್ನು ಮತ್ತೆ ಯಾಕೆ ಬರೆಯಬೇಕು?

ಆಮೇಲೆ ಬೀದಿಗೆ ಸಾಮಾನು ಬರತೊಡಗಿತು. ಸುಮ್ಮನಿದ್ದ ಬೀಗ ರಿಪೇರಿಯವನಿಗೆ ಪಿಯಾನೊ ಬಂತು. ಬೇಡ ಎಂದ ಸಂಗೀತದ ಮೇಷ್ಟ್ರಿಗೆ ಹಿಟ್ಟಿನ ಗಿರಣಿ ಬಂತು. ಬೇಡವೇ ಬೇಡ ಎಂದ ಎದುರಿನ ಲಾಂಡ್ರಿಯವನಿಗೆ ಎರಡು ಮೀನಿನ ತೊಟ್ಟಿ ಬಂದವು. ಪ್ರತಿಯೊಬ್ಬರೂ ವಾಪಸು ಕೊಡಲು ಹೋದರು, ಮೊದಲು ಬಳಕೆದಾರರಾಗಿ ಬನ್ನಿ ಎಂಬ ಮಾತು ಕೇಳಿದರು, ಬಂದು ಬಳಸಿದರು. ಈಗ ಬೀಗದವನು ಮಕ್ಕಳಿಗೆ ಪಿಯಾನೊ ಕಲಿಸುತ್ತಾನೆ. ಮೇಷ್ಟ್ರು ಗಿರಣಿಯ ಶಬ್ದದಲ್ಲಿ ಶ್ರುತಿ ಹುಡುಕುತ್ತಾರೆ, ಸಿಗುತ್ತದಂತೆ. "ಈಗ ನಿರುದ್ಯೋಗ ಅನ್ನೋದೇ ಇಲ್ಲ ನೋಡಿ" ಅನ್ನುತ್ತಾನೆ ಬಲ್ಬಣ್ಣ. "ಎಲ್ಲರಿಗೂ ಉದ್ಯೋಗ ಇದೆ. ಒಬ್ಬರದು ಇನ್ನೊಬ್ಬರ ಹತ್ರ ಇದೆ, ಅಷ್ಟೆ."

ಅಕ್ಕನ ಅಂಗಡಿಗೂ ಜನ ಬಂದರು. ಅತ್ತೆಯ ‘ಸರಿಯಾಗೇ’ ಎಂಬ ಮಾತನ್ನು ಮಳಿಗೆಯವರು ಜಾಹೀರಾತು ಮಾಡಿ ಊರಿಗೆಲ್ಲ ಕೇಳಿಸಿದ್ದರು. ಅಕ್ಕ ಅಲ್ಲಾಡುವ ಹಲ್ಲು ಮಾತ್ರ ಕೀಳುತ್ತಾಳೆ. ಅಲ್ಲಾಡದ ಹಲ್ಲಿನವರನ್ನು, ಅಲ್ಲಾಡಿದ ಮೇಲೆ ಬನ್ನಿ ಎಂದು ಕಳಿಸುತ್ತಾಳೆ. ಇಷ್ಟು ಜಾಗ್ರತೆಯ ಡಾಕ್ಟರನ್ನು ತಾವು ಕಂಡಿಲ್ಲವೆಂದು ಜನ ಹೇಳುತ್ತಾರೆ. ಅತ್ತೆ ಸ್ಟೂಲಿನ ಮೇಲೆ ಕೂತು ಸಾಲು ನಿಲ್ಲಿಸುತ್ತಾರೆ. ಸೊಸೆಯನ್ನು ಬಹುವಚನದಲ್ಲಿ ಕರೆಯುತ್ತಾರೆ.

ಒಂದು ಬೆಳಿಗ್ಗೆ ಸಾಲನ್ನು ಸೀಳಿಕೊಂಡು ಸ್ಟೋರ್‌ಕೀಪರ್ ಬಂದರು. ಬೆನ್ನಮೇಲೆ ಕೋಟಿನ ಗಂಟು ಇತ್ತು, ಅದರಿಂದ ನೀರು ತೊಟ್ಟಿಕ್ಕುತ್ತಿತ್ತು.

"ಇಸ್ತ್ರಿಯಕ್ಕ, ಆ ಲಾಂಡ್ರಿಯವನ ತಲೆ ಕೆಟ್ಟಿದೆ. ಕೋಟು ಕೇಳಿದ್ರೆ ಮೀನಿಗೆ ಊಟದ ಹೊತ್ತು ಅಂತಾನೆ. ತಪ್ಪಾಯ್ತು, ಅವತ್ತು ನಾನು ಹಾಗೆ ಹೋಗಬಾರದಿತ್ತು. ಇನ್ನು ಮೇಲೆ ಈ ಕೋಟೆಲ್ಲ ಮೊದಲಿನ ಹಾಗೆ ನೀವೇ ಹಾಕಬೇಕು."

ಅಕ್ಕ ಗಂಟನ್ನು ನೋಡಿದಳು. ಕಂಬಳಿ ಹಾಸಿದ ಮೇಜು ಹೊರಗೆ ಬಿಸಿಲಲ್ಲಿ ಒಣಗಿ ಬಿರಿದಿತ್ತು. ಅವಳ ಬಾಯಿಗೆ ‘ಸರಿ’ ಬಂತು, ನುಂಗಿಕೊಂಡಳು. ಬೇಡ ಅನ್ನುವ ಹಾಗಿರಲಿಲ್ಲ, ಸುಮ್ಮನಿರುವ ಹಾಗೂ ಇರಲಿಲ್ಲ. ಗಂಟು ಬಿಚ್ಚಿ ಮೇಲಿನ ಒದ್ದೆ ಕೋಟು ತೆಗೆದಳು. ಒಮ್ಮೆ ಕೊಡವಿದಳು. ತೋಳು ತೂರಿಸಿ, ಗುಂಡಿಗಳನ್ನು ಕತ್ತಿನವರೆಗೂ ಹಾಕಿಕೊಂಡಳು.

"ಹಾಕಿದೆ" ಅಂದಳು. "ಬಾಯಿ ತೆಗೀರಿ ಅಣ್ಣ."

ಸ್ಟೋರ್‌ಕೀಪರ್ ಕುರ್ಚಿಯನ್ನು ನೋಡಿದರು. ಸಾಲಿನಲ್ಲಿ ನಿಂತವರನ್ನು ನೋಡಿದರು. ಏನೋ ಹೇಳಹೊರಟು, ಪ್ರಕಟಣೆ ನೆನಪಾಗಿ, ನಿಲ್ಲಿಸಿದರು.

"ಕೂತ್ಕೊಳ್ಳಪ್ಪ" ಎಂದರು ಅತ್ತೆ. "ಡಾಕ್ಟ್ರು ಕಾಯ್ತಿದ್ದಾರೆ."

ಅವರು ಗಂಟನ್ನು ಕಾಲ ಬಳಿ ಇಟ್ಟು, ಹತ್ತಿ ಕೂತು, ಬಾಯಿ ತೆರೆದರು.