ಬಾಳೆತೋಟಕ್ಕೆ ಇಳಿದವನ ಬೋಗುಣಿ

...ಇಲ್ಲ, ಮಧ್ಯಾಹ್ನವೇ ಇರಬೇಕು. ಬಿಸಿಲಿಲ್ಲದಿದ್ದರೆ ಬೋಗುಣಿ ಹೊಳೆಯುತ್ತಿರಲಿಲ್ಲ. ಆ ಬಿಸಿಲನ್ನೂ ಆಮೇಲೆ ನಾನೇ ಸೇರಿಸಿಕೊಂಡಿರಬಹುದು. ನನ್ನ ನೆನಪಿಗೆ ಒಪ್ಪ ಹಾಕುವ ಚಟವಿದೆ. ಅದು ಸಲೀಸಾಗಿ ಹೇಳಿದ್ದನ್ನು ನಾನು ಸಲೀಸಾಗಿ ನಂಬುವುದಿಲ್ಲ. ಆದರೆ ಆಕಾಶದಿಂದ ಬಂದವರ ಬಗ್ಗೆ ಜನರ ನಂಬಿಕೆ ಹೇಗೆ ಬದಲಾಗುತ್ತದೆಂದು ನನ್ನಷ್ಟು ಚೆನ್ನಾಗಿ ಹೇಳುವವರಿಲ್ಲ. ಏಕೆಂದರೆ ಬಂದವನು ನಾನೇ.

ನಿಜಾಮನ ಮೇಲೆ ಪೊಲೀಸ್ ಆಕ್ಷನ್ ನಡೆದ ದಿನಗಳು. ಕಲಬುರ್ಗಿಯ ಕಚೇರಿಯೊಂದರಲ್ಲಿ ಗುಮಾಸ್ತನಾಗಿದ್ದ ನಾನು ಜೀವಭಯದಿಂದ ಕಮಲಾಪುರಕ್ಕೆ, ಚಿಕ್ಕಪ್ಪನ ಹೆಂಡತಿ ಕಾಕುವಿನ ಮನೆಗೆ ಬಂದಿದ್ದೆ. ಒಂದು ದಿನ ವಿಮಾನದ ಸದ್ದು ಕೇಳಿಸಿತು. ಬಾಂಬು ಬಿದ್ದರೆ ತಲೆಯಾದರೂ ಉಳಿಯಲೆಂದು, ಕಾಕು ಹುಣಸೆಹಣ್ಣು ಹಚ್ಚಿ ತಿಕ್ಕಿಟ್ಟಿದ್ದ ಹಿತ್ತಾಳೆ ಬೋಗುಣಿಯನ್ನು ತಲೆಗೆ ಕವುಚಿಕೊಂಡು ಬಾಳೆತೋಟಕ್ಕೆ ಓಡಿದೆ. ಇಪ್ಪತ್ತೈದು ವರ್ಷದ ಗಂಡಸು! ಬಾವಿಕಟ್ಟೆಗೆ ಎಡವಿದೆ. ನಾನು ಉಳಿದೆ, ಬೋಗುಣಿ ಬಾವಿಗೆ ಬಿತ್ತು. ನಾಚಿಕೆಯಾಗಿ ಯಾರಿಗೂ ಹೇಳಲಿಲ್ಲ.

ಸಂಜೆ ಕಾಕು ನಡುಗುತ್ತ, ತೋಟದಲ್ಲಿ ಮುಖವಿಲ್ಲದ, ತಲೆ ಥಳಥಳಿಸುವ ದೆವ್ವ ಕಂಡೆ ಎಂದಳು. ದೆವ್ವಕ್ಕೆ ಬೋಗುಣಿ ಯಾಕೆ? ಹಾಗಾಗಿ ಕಾಣೆಯಾದ ಬೋಗುಣಿಯ ಕಳವಿನ ಅಪವಾದ ತೋಟದ ಕೂಲಿ ಭೀಮವ್ವನ ಮೇಲೆ ಬಂತು. ಅವಳ ಕೆಲಸವೂ ಹೋಯಿತು. ಊರಲ್ಲಿ ಮಿಲಿಟರಿ ಲಾರಿಗಳು ಓಡಾಡಿದ ಮೇಲೆ ದೆವ್ವ ನಿವೃತ್ತಿಯಾಗಿ, ವಿಮಾನದಿಂದ ಛತ್ರಿ ಕಟ್ಟಿಕೊಂಡು ಇಳಿದ ಸಿಪಾಯಿಯಾಯಿತು. ಕೆಲವು ವರ್ಷಕ್ಕೆ ಪತ್ರಿಕೆಯಲ್ಲಿ ಹಾರುವ ತಟ್ಟೆಗಳ ಸುದ್ದಿ ಬಂತು. ರಜೆಗೆ ಬಂದಿದ್ದ ನಾನೇ ಕಾಕುವಿಗೆ ಓದಿ ಹೇಳಿದೆ. ಸಿಪಾಯಿಗೆ ಮಂಗಳಗ್ರಹಕ್ಕೆ ವರ್ಗವಾಯಿತು.

“ಹಂಗಾದ್ರ ಬೋಗುಣಿ ಅವನೇ ಒಯ್ದಿರಬೇಕು, ಕಾಕು,” ಎಂದೆ ಆಸೆಯಿಂದ.

“ಅಷ್ಟು ದೂರದಿಂದ ಬಂದಾಂವ ನನ್ನ ಬೋಗುಣಿ ಕದೀತಾನೇನೊ? ಅದು ಭೀಮವ್ವಂದೇ ಕೆಲಸ.”

ಬಂದವನು ಎರಡು ಸಲ ಬದಲಾಗಿದ್ದ. ಕಳ್ಳಿ ಮಾತ್ರ ಬದಲಾಗಿರಲಿಲ್ಲ. ಇನ್ನು ಸುಮ್ಮನಿರಬಾರದೆಂದು ಹೇಳಿಬಿಟ್ಟೆ.

“ನೀನಾ? ಅವನ ನಡಿಗಿ ನೋಡಬೇಕಿತ್ತು, ರಾಜನ ನಡಿಗಿ! ನೀ ಜಿರಳಿ ಕಂಡ್ರ ಹೊರಸು ಏರತಿ.”

ನಾನು ಬಿಡಲಿಲ್ಲ. ಹಗ್ಗಕ್ಕೆ ಕೊಕ್ಕೆಗಳ ಪಾತಾಳಗರಡಿ ಕಟ್ಟಿ ಬಾವಿಗೆ ಇಳಿಬಿಟ್ಟೆ. ಎರಡು ದಿನ ಊರವರ ಕೊಡ, ಚೆಂಬುಗಳೇ ಬಂದವು. ಮೂರನೆಯ ದಿನ ಹಸಿರುಗಟ್ಟಿದ ಬೋಗುಣಿ ಬಂತು. ಕಾಕು ಅದರ ಅಂಚಿನಲ್ಲಿ ಕೊರೆಸಿದ್ದ ತನ್ನ ಹೆಸರನ್ನು ಬೆರಳಿನಿಂದ ತಡವಿದಳು. “ಭೀಮವ್ವಗ ಕೆಲಸಕ್ಕ ಬಾ ಅಂತ ಹೇಳು,” ಎಂದಳು, ಅಷ್ಟೇ.

ಭೀಮವ್ವ ಸಂತೆಯಲ್ಲಿ ಕೆಂಪು ಬಾಳೆಹಣ್ಣು ಮಾರುತ್ತಿದ್ದಳು.

“ನಾ ಬರಂಗಿಲ್ರಿ ರಾಯರ. ಬೋಗುಣಿ ನಿಮ್ಮ ತಲಿ ಮ್ಯಾಲಿಂದ ಬಾವಿಗಿ ಬಿದ್ದಿದ್ದು ನಾ ಅವತ್ತೇ ನೋಡೀನ್ರಿ.”

“ಮತ್ತ ಯಾಕ ಹೇಳ್ಲಿಲ್ಲ?”

“ಹೇಳಿದ್ರ ಯಾರ್ ನಂಬ್ತಿದ್ರು? ನಿಮಗೇ ಹೇಳ್ಲಾಕ ಏಳು ವರ್ಷ ಬೇಕಾತು.”

ಹಣ್ಣಿನ ಚಿಪ್ಪು ಕೈಗಿಡುತ್ತ ಅವಳೇ ಅಂದಳು: “ಆದ್ರ ನಿಮ್ಮ ಕಾಕು ನೋಡಿದ್ದು ನಿಮಗಲ್ಲ ಬಿಡ್ರಿ. ಅದು ನಿಮ್ಮ ಹಿಂದ ಬರಾಕತ್ತಿತ್ತು. ಭಾಳ ಎತ್ತರ ಇತ್ತು.”

ಹಾಸ್ಯ ಮಾಡಿದಳೋ, ಸೇಡು ತೀರಿಸಿಕೊಂಡಳೋ, ಕಂಡದ್ದನ್ನೇ ಹೇಳಿದಳೋ. ಮುಖದಲ್ಲಿ ನಗುವಂತೂ ಇರಲಿಲ್ಲ. ನನ್ನನ್ನು ಕೇಳಿ ಉಪಯೋಗವಿಲ್ಲ. ಬೋಗುಣಿ ಮೂಗಿನವರೆಗೆ ಇಳಿದಿತ್ತು. ನನ್ನ ಹಿಂದೆ ಯಾರಾದರೂ ಇದ್ದರೋ ಇಲ್ಲವೋ, ನನಗೆ ಗೊತ್ತಿಲ್ಲ.